ಬಾಯಿ ಮುಚ್ಚುವ ಪಾಠ

ಅಜೆಕಾರು,
೯-೨-೧೯೫೮, ಆದಿತ್ಯವಾರ

ಪ್ರೀತಿಯ ಅಕ್ಕಾ,

ನಿನ್ನ ಕಾಲಿನ ಬಾವು ಇಳಿಯಿತಾ? ಮೊದಲು ಅದನ್ನು ಬರೆ. ನೀರಿಗೆಂದು ಮೂರು ಮಾಳಿಗೆ ಇಳಿದು ಹತ್ತುವುದನ್ನು ಹೆರಿಗೆಯ ತನಕವಾದರೂ ನಿಲ್ಲಿಸು. ಭಾವ ಆಫೀಸಿಗೆ ಹೊರಡುವ ಮೊದಲು ಒಂದೆರಡು ಕೊಡ ತುಂಬಿಸಿಟ್ಟರೆ ಅವರ ಅಂಗಿಯ ಇಸ್ತ್ರಿಯೇನೂ ಕೆಡುವುದಿಲ್ಲ. ಪತ್ರವನ್ನು ಅವರಿಗೆ ಓದಿ ಹೇಳುವಾಗ ಈ ಸಾಲನ್ನು ಹಾರಿಸಬೇಡ. ನಾನು ಚೆನ್ನಾಗಿದ್ದೇನೆ. ಕಳೆದ ವಾರ ಕಾಪುವಿಗೆ ಹೋಗಿ ಅಮ್ಮನನ್ನು ನೋಡಿ ಬಂದೆ. ಮಂಡಿನೋವು ಇದ್ದದ್ದೇ, ಆದರೆ ಬಾಯಿ ಮೊದಲಿನಂತೆಯೇ ಚುರುಕಾಗಿದೆ. ನಿನಗೆಂದು ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ಕಟ್ಟಿಟ್ಟು, ಬೊಂಬಾಯಿಗೆ ಹೋಗುವವರು ಯಾರಾದರೂ ಉಂಟಾ ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಾಳೆ. ಮನೆಯೆದುರು ಹೋಗುವ ಮೀನಿನ ಹೆಂಗಸನ್ನೂ ಕೇಳಿದಳಂತೆ. ಅವಳು, ನಾನು ಮಲ್ಪೆ ಬಿಟ್ಟು ಆಚೆ ಹೋಗುವುದಿಲ್ಲ ಅಮ್ಮ, ಅಲ್ಲಿಯವರೆಗೆ ಬೇಕಾದರೆ ಕೊಂಡುಹೋಗ್ತೇನೆ ಅಂದಳಂತೆ.

ಇಷ್ಟು ಬರೆಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ಅಕ್ಷರ ಓಡುತ್ತಿದ್ದರೆ, ಅಲ್ಲಲ್ಲಿ ಶಾಯಿ ಬಿದ್ದಿದ್ದರೆ ಬೈಯಬೇಡ. ಕ್ಲಾರಾ ಮಾತಾಡಿದಳು, ಅಕ್ಕಾ. ನಿನ್ನೆ ಸಂಜೆ, ಅಷ್ಟು ಜನರ ಮುಂದೆ, ಕನ್ನಡದಲ್ಲಿ. ಒಂದು ಮಾತಲ್ಲ, ನಿಲ್ಲಿಸಲು ಕಷ್ಟವಾಗುವಷ್ಟು ಮಾತಾಡಿದಳು. ಪ್ರತಿ ಪತ್ರದಲ್ಲೂ ನೀನು ಕೇಳುತ್ತಿದ್ದೆಯಲ್ಲ, ನಿನ್ನ ಮೂಕ ಗುಬ್ಬಚ್ಚಿ ಬಾಯಿ ಬಿಟ್ಟಿತಾ ಎಂದು. ಬಿಟ್ಟಿತು. ಆದರೆ ಬಿಟ್ಟ ರೀತಿ ಹೇಗೆಂದು ಹೇಳದೆ ನನಗೆ ಇವತ್ತು ಅನ್ನ ಇಳಿಯುವುದಿಲ್ಲ.

ಭಾವನಿಗೆ ಇದರ ತಲೆಬುಡ ಗೊತ್ತಿಲ್ಲದ ಕಾರಣ ಮೊದಲಿಂದಲೇ ಹೇಳುತ್ತೇನೆ. ಕ್ಲಾರಾ ನನ್ನ ಒಂದನೆಯ ಕ್ಲಾಸಿನ ಹುಡುಗಿ, ಹೊಳೆಯಾಚೆಯ ಸ್ಟ್ಯಾನಿಸ್ಲಾಸ್ ಪೊರ್ಬುಗಳ ಮೊಮ್ಮಗಳು. ಅಪ್ಪ ನಿಮ್ಮ ಬೊಂಬಾಯಿಯಲ್ಲೇ ಹಡಗಿನ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಅಜ್ಜ, ಅಮ್ಮ ಆಂಜೆಲಾ, ಕೈಗೂಸು ತಮ್ಮ, ಮತ್ತೆ ಅಕ್ಕ ಬರ್ತಾ. ಬರ್ತಾಳಿಗೆ ಒಂಬತ್ತು ವರ್ಷವಾದರೂ ಅವಳನ್ನು ಶಾಲೆಗೆ ಕಳಿಸಿದ್ದೇ ಇಲ್ಲ. ಮಗುವನ್ನು ಎತ್ತಿಕೊಳ್ಳುವುದು ಅವಳ ಕೆಲಸ. ಅಜ್ಜಿ ಇದ್ದರು. ಕಳೆದ ಮಳೆಗಾಲದಲ್ಲಿ ಫ್ಲೂ ಜ್ವರ ಇಡೀ ಊರನ್ನೇ ಮಲಗಿಸಿತಲ್ಲ, ಆಗ ತೀರಿಕೊಂಡರು. ಹೊಳೆಯಾಚೆ ಇರುವುದೆಲ್ಲ ಕೊಂಕಣಿ ಮಾತಾಡುವ ಮನೆಗಳೇ. ಹಾಗಾಗಿ ಆ ಮಗುವಿನ ಕಿವಿಗೆ ತುಳು ಕೂಡ ಸರಿಯಾಗಿ ಬಿದ್ದಿರಲಿಲ್ಲ, ಕನ್ನಡವಂತೂ ದೂರವೇ ಉಳಿಯಿತು. ಶಾಲೆಗೆ ಬಂದ ದಿನದಿಂದ ಅವಳು ಒಂದಕ್ಷರ ನುಡಿದಿರಲಿಲ್ಲ. ಹಾಜರಿ ಕರೆದರೆ ಸ್ಲೇಟು ಎತ್ತಿ ತೋರಿಸುತ್ತಿದ್ದಳು, ಅಷ್ಟೆ. ಆದರೆ ಆ ಕಣ್ಣು ನೋಡಬೇಕು, ಅಕ್ಕಾ. ನಾನು ಮಾತಾಡುವಾಗ ನನ್ನ ಮುಖದಿಂದ ಒಂದೊಂದು ಪದವನ್ನೂ ಹೆಕ್ಕಿ ಎಲ್ಲಿಗೋ ಕೊಂಡುಹೋಗಿ ಇಡುತ್ತಿದ್ದಾಳೆ ಅನ್ನಿಸುತ್ತಿತ್ತು. ಎಲ್ಲಿ ಇಡುತ್ತಾಳೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಕ್ರಿಸ್ಮಸ್ ರಜೆ ಮುಗಿದು ಶಾಲೆ ತೆರೆದ ವಾರ ಪೊರ್ಬುಗಳು ಶಾಲೆಗೆ ಬಂದರು. ಎತ್ತರದ ಮನುಷ್ಯ, ಮಳೆಯಿರಲಿ ಬಿಸಿಲಿರಲಿ ಕೈಯಲ್ಲಿ ಕೊಡೆ. ಬಾಗಿಲಲ್ಲೇ ನಿಂತು ಹೇಳಿದರು: "ಟೀಚರೇ, ನಾನು ನಿಮ್ಮ ಮೇಲೆ ದೂರು ಹೇಳ್ಲಿಕ್ಕೆ ಬಂದದ್ದಲ್ಲ. ಮಗುವಿನಲ್ಲೇ ಎಂತದೋ ಕೊರತೆ ಉಂಟು. ಇಲ್ಲಿ ಮಾತಾಡುವುದಿಲ್ಲ, ಅಲ್ಲಿ ಹುಚ್ಚು ಕೆಲಸ ಮಾಡ್ತಾಳೆ. ಸಂಜೆ ಆಯಿತು ಅಂದರೆ ತೆಂಗಿನ ಮಡಲಿನ ತಟ್ಟಿ ಎಳೆದುಕೊಂಡು ಹೋಗಿ ಬಾವಿಯ ಮೇಲೆ ಹಾಕ್ತಾಳೆ. ನಾನು ಬೆಳಿಗ್ಗೆ ತೆಗೆದು ಬಿಸಾಡ್ತೇನೆ. ಸಂಜೆ ಪುನಃ ಹಾಕ್ತಾಳೆ. ಕೇಳಿದರೆ ಟೀಚರ್ ಹೇಳಿದ್ದು ಅಂತಾಳೆ. ನೀವು ಹೇಳಿದ್ದೀರಾ?"

ಬಾವಿಯ ಸುದ್ದಿಯನ್ನೇ ನಾನು ಕ್ಲಾಸಿನಲ್ಲಿ ಎತ್ತಿರಲಿಲ್ಲ. ಇಲ್ಲ ಅಂದೆ. ಅವರು ತಲೆಯಾಡಿಸಿದರು. "ಹಾಗಾದರೆ ಸುಳ್ಳೂ ಕಲಿತಿದ್ದಾಳೆ. ಸಾಕು ಟೀಚರೇ ಈ ಶಾಲೆ. ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳಲಿಕ್ಕೆ ಇನ್ನೊಂದು ಕೈ ಬೇಕು." ಕ್ಲಾರಾ ಬೆಂಚಿನಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಇಲ್ಲ ಅಂದದ್ದು ಅವಳಿಗೆ ಅರ್ಥವಾಗಿತ್ತು. ಅಳಲಿಲ್ಲ. ತಲೆ ತಗ್ಗಿಸಿ ಸ್ಲೇಟನ್ನು ಸೆರಗಿಲ್ಲದ ಆ ಪುಟ್ಟ ಫ್ರಾಕಿನ ಅಂಚಿನಿಂದ ಒರಸುತ್ತಾ ಕೂತಳು, ಬರೆದದ್ದೇನೂ ಇಲ್ಲದಿದ್ದರೂ.

ನಾನು ಅಂಗಲಾಚಿದೆ ಅಂದರೂ ತಪ್ಪಲ್ಲ. ಫೆಬ್ರವರಿಯಲ್ಲಿ ಒಂದು ಶನಿವಾರ ಸಂಜೆ ಮಕ್ಕಳೆಲ್ಲ ತಾವು ಕಲಿತದ್ದನ್ನು ಮನೆಯವರ ಮುಂದೆ ಹೇಳುವ ಕಾರ್ಯಕ್ರಮ ಇಟ್ಟಿದ್ದೇವೆ, ಅಲ್ಲಿಯ ತನಕ ಕಳಿಸಿ ಎಂದು ಕೇಳಿಕೊಂಡೆ. ಅವರು ಯೋಚಿಸಿ ಒಪ್ಪಿದರು. "ಒಂದೇ ಒಂದು ಕನ್ನಡ ಮಾತು ಅವಳ ಬಾಯಿಂದ ಕೇಳಿಸಿ. ಕೇಳದಿದ್ದರೆ ಅದರ ಮರುದಿನ ಸೋಮವಾರದಿಂದ ಅವಳು ಬರುವುದಿಲ್ಲ." ಶನಿವಾರದ ಮರುದಿನ ಸೋಮವಾರ ಅಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಆ ಕಾರ್ಯಕ್ರಮ ನನ್ನದೇ ಯೋಚನೆ. ಹೆಡ್‌ಮಾಸ್ಟರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. "ಡ್ಯಾನ್ಸಿಲ್ಲ, ನಾಟಕ ಇಲ್ಲ, ಮಗ್ಗಿ ಕೇಳ್ಲಿಕ್ಕೆ ಯಾರು ಬರ್ತಾರೆ ಟೀಚರೇ?" ಎಂದು ನಕ್ಕಿದ್ದರು. ನಿನ್ನೆ ನಾಲ್ಕು ಗಂಟೆಗೆ ನೋಡಿದರೆ ಬೆಂಚು ತುಂಬಿ, ಜಗಲಿ ತುಂಬಿ, ಕಿಟಕಿಯ ಹೊರಗೂ ತಲೆಗಳು. ಗದ್ದೆಯಿಂದ ನೇರ ಬಂದವರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ತಮ್ಮ ಮಗು ಎದ್ದು ನಿಂತ ಕೂಡಲೇ ಒಬ್ಬೊಬ್ಬರ ಮುಖವೂ ದೀಪದ ಬತ್ತಿ ಏರಿಸಿದಂತೆ ಆಗುತ್ತಿತ್ತು. ಮೊದಲು ಉಮಾನಾಥ ಬಂದ. ಅವರಿವರ ಹಿತ್ತಿಲಿನಿಂದ ಕದ್ದು ತಂದದ್ದೋ ಏನೋ, ತೆಂಗಿನ ಗೆರಟೆಯಲ್ಲಿ ಅಲಸಂಡೆ ಬೀಜ ಮೊಳಕೆ ಬರಿಸಿ ಹಿಡಿದುಕೊಂಡು, ಬೀಜ ಮೊದಲು ಕೆಳಗೆ ಹೋಗ್ತದೆ, ಆಮೇಲೆ ಮೇಲೆ ಬರ್ತದೆ, ಎಂದು ವಿವರಿಸಿದ. ಕೆಳಗೆ ಯಾಕೆ ಹೋಗ್ತದೆ ಎಂದು ಹೆಡ್‌ಮಾಸ್ಟರು ಕೇಳಿದ್ದಕ್ಕೆ, ಮೇಲೆ ಬಂದರೆ ಕೋಳಿ ತಿಂತದಲ್ಲ ಸರ್, ಸ್ವಲ್ಪ ದೊಡ್ಡದಾಗಿ ಬರುವ ಅಂತ, ಎಂದ. ಪುಸ್ತಕದಲ್ಲಿ ಹೀಗಿಲ್ಲ, ಆದರೆ ನನಗೆ ಪುಸ್ತಕಕ್ಕಿಂತ ಇದೇ ಹಿಡಿಸಿತು. ಆಮೇಲೆ ಲೂಯಿಸ್ ಎರಡೂ ಕೈ ಚಾಚಿ ದಿಕ್ಕುಗಳನ್ನು ತೋರಿಸಿ, ಸೂರ್ಯ ಘಟ್ಟದಲ್ಲಿ ಹುಟ್ಟಿ ಮಲ್ಪೆಯ ಸಮುದ್ರದಲ್ಲಿ ಮುಳುಗುತ್ತಾನೆ ಎಂದಾಗ ಜಗಲಿಯಿಂದ ಯಾರೋ, "ಮೀನಿಗೆ ಬಿಸಿ ಆಗುವುದಿಲ್ವಾ ಮಾರಾಯ?" ಎಂದು ಕೇಳಿದರು. ಲೂಯಿಸ್ ಸ್ವಲ್ಪವೂ ಹೆದರದೆ, "ಅದಕ್ಕೇ ಅವು ರಾತ್ರಿ ಮೇಲೆ ಬರುವುದು" ಎಂದ. ನನಗೆ ಆಗ ನಮ್ಮ ಕಾಪುವಿನ ದೀಪಸ್ತಂಭದ ಬುಡದಲ್ಲಿ ಕೂತು ನೀನು ನನಗೆ ಇಂಥದ್ದೇ ವಿಜ್ಞಾನ ಹೇಳಿಕೊಡುತ್ತಿದ್ದದ್ದು ನೆನಪಾಯಿತು. ಕಡಲಿನ ನೀರು ಉಪ್ಪಾದದ್ದು ಮೀನುಗಳು ಅಳುವುದರಿಂದ ಎಂದಿದ್ದೆ ನೀನು. ನಾನು ಎರಡನೆಯ ಕ್ಲಾಸಿನ ತನಕ ನಂಬಿದ್ದೆ.

ಇಷ್ಟೆಲ್ಲ ನಗುವಿನ ನಡುವೆ ನನ್ನ ಕಣ್ಣು ಮಾತ್ರ ಕ್ಲಾರಾಳ ಮನೆಯವರ ಕಡೆಗೇ ಹೋಗುತ್ತಿತ್ತು. ಪೊರ್ಬುಗಳು ಮುಂದಿನ ಬೆಂಚಿನ ತುದಿಯಲ್ಲಿ, ಕೊಡೆಯ ಹಿಡಿಯ ಮೇಲೆ ಎರಡೂ ಕೈಯಿಟ್ಟು, ನೆಲ ನೋಡುತ್ತಾ ಕೂತಿದ್ದರು. ಆಂಜೆಲಾ ಹಿಂದೆ ಗೋಡೆಗೊರಗಿ ಸೊಂಟದಲ್ಲಿ ಕೂಸನ್ನಿಟ್ಟುಕೊಂಡು ನಿಂತಿದ್ದಳು. ಆ ಹೆಂಗಸು ನನ್ನ ಹತ್ತಿರ ಇದುವರೆಗೆ ತಲೆಯಲ್ಲೇ ಮಾತಾಡಿದವಳು, ಹೌದು ಅಂದರೆ ಒಂದು ಬಾಗು, ಇಲ್ಲ ಅಂದರೆ ಒಂದು ಅಲ್ಲಾಟ. ಕ್ಲಾರಾಳಿಗೆ ಒಂದು ಸಣ್ಣ ವಾಕ್ಯವನ್ನು ನಾನು ವಾರವಿಡೀ ಹೇಳಿಕೊಟ್ಟಿದ್ದೆ: ನನ್ನ ಹೆಸರು ಕ್ಲಾರಾ, ನಾನು ಒಂದನೆಯ ತರಗತಿಯಲ್ಲಿ ಓದುತ್ತೇನೆ. ಅಷ್ಟು ಸಾಕಿತ್ತು. ಹೆಸರು ಕರೆದೆ. ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಳು. ಕಿಟಕಿಯ ಹೊರಗಿನವರು ಕತ್ತು ಚಾಚಿದರು. ಅವಳು ಮಾತಾಡದವಳು ಎಂಬುದು ಊರಿಗೆಲ್ಲ ಗೊತ್ತು. ಅವಳು ಅಜ್ಜನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕೈ ಕಟ್ಟಿಕೊಂಡು, ನಾನು ಹೇಳಿಕೊಟ್ಟದ್ದನ್ನು ಬಿಟ್ಟು, ಗಟ್ಟಿಯಾಗಿ ಹೇಳಿದಳು:

"ಬಾಯಿ ಮುಚ್ಚಬೇಕು."

ಯಾರೋ ಕಿಸಕ್ಕೆಂದರು. ಇಷ್ಟು ದಿನ ಅದನ್ನೇ ಮಾಡಿದ್ದಾಳಲ್ಲ ಪಾಪ, ಎಂದು ಒಬ್ಬ ಹೆಂಗಸು ಮೆಲ್ಲನೆ ಅಂದಳು. ನಾನು ಸಾಕು ಎಂದುಕೊಂಡೆ. ಕನ್ನಡ ಮಾತು ಬಂತಲ್ಲ, ಗೆದ್ದೆವು. ಆದರೆ ಅವಳು ನಿಲ್ಲಿಸಲಿಲ್ಲ.

"ತೆರೆದು ಇಟ್ಟರೆ ಕಪ್ಪೆ ಬೀಳ್ತದೆ. ಹಲಸಿನ ಎಲೆ ಬೀಳ್ತದೆ. ಬೆಕ್ಕಿನ ಮರಿ ಬೀಳ್ತದೆ."

ಈಗ ಕೋಣೆಯೇ ಅದುರಿತು. ಕಿಟಕಿಯ ಹೊರಗಿನವರು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಕ್ಲಾರಾ ಆ ನಗುವನ್ನು ಮೆಚ್ಚುಗೆ ಎಂದೇ ತೆಗೆದುಕೊಂಡಳು. ಸ್ವರ ಇನ್ನೂ ಏರಿಸಿದಳು. "ನಮ್ಮ ಬಾಯಿ ತುಂಬ ಆಳ ಉಂಟು. ಅಜ್ಜ ಹಗ್ಗ ಇಳಿಸಿ ನೀರು ತೆಗೀತಾರೆ. ಅಜ್ಜನಿಗೆ ಆಗದಿದ್ದರೆ ಬರ್ತಾ ಎಳೀತಾಳೆ. ಬೇಸಗೆಯಲ್ಲಿ ನಮ್ಮ ಬಾಯಿಯಲ್ಲಿ ಆಮೆ ಕಾಣ್ತದೆ." ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. "ಯಾರ ಬಾಯಿಯಲ್ಲಿ ಆಮೆ, ಪೊರ್ಬುಗಳದ್ದಾ?" ಎಂದು ಜಗಲಿಯಿಂದ ಯಾರೋ ಕೂಗಿ ಕೇಳಿದರು. ಪೊರ್ಬುಗಳ ತಲೆ ಇನ್ನಷ್ಟು ಕೆಳಗಿಳಿಯಿತು. ಅವರ ಕಿವಿ ಕೆಂಪಗಾದದ್ದು ನನಗೆ ಕಾಣುತ್ತಿತ್ತು. ನಾನು ಮಗುವಿನ ಹೆಗಲ ಮೇಲೆ ಕೈಯಿಟ್ಟೆ, ಸಾಕು ಮಗಾ ಎನ್ನುವ ಹಾಗೆ. ಅವಳು ನನ್ನ ಕೈಯನ್ನು ಸರಿಸಿ ಕೊನೆಯ ಮಾತು ಹೇಳಿದಳು.

"ಮುಚ್ಚದಿದ್ದರೆ ರೋಗ ಎಲ್ಲರಿಗೂ ಬರ್ತದೆ. ಟೀಚರ್ ಹೇಳಿದ್ದು. ಅದಕ್ಕೆ ನಾನು ದಿನಾಲೂ ಮುಚ್ಚುತ್ತೇನೆ. ಅಜ್ಜ ದಿನಾಲೂ ತೆಗೀತಾರೆ."

ಆಗ ಹಿಂದಿನ ಗೋಡೆಯ ಬಳಿಯಿಂದ ಒಂದು ಸ್ವರ ಬಂತು. ಆಂಜೆಲಾಳದ್ದು. ಎಂಟು ತಿಂಗಳಲ್ಲಿ ನಾನು ಕೇಳಿರದ ಸ್ವರ, ಮಗಳದ್ದರ ಹಾಗೆಯೇ ಗಟ್ಟಿ. "ಮಾಂವಾ, ಬಾಂಯ್! ಆಮ್ಚಿ ಬಾಂಯ್!" ಎಂದು ಮಾವನಿಗೆ ಕೂಗಿ ಹೇಳುತ್ತಾ, ನಗುತ್ತಾ, ಅಳುತ್ತಾ, ಕೂಸನ್ನು ಎತ್ತಿಕೊಂಡೇ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ನನಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ಆಂಜೆಲಾ ಕನ್ನಡಕ್ಕೆ ತಡಕಾಡಿದಳು. "ಟೀಚರ್, ನಮ್ಮಲ್ಲಿ ಬಾಂಯ್ ಅಂದರೆ ಇದಲ್ಲ," ಎಂದು ತುಟಿ ಮುಟ್ಟಿ ತೋರಿಸಿದಳು, "ನೀರು ಸೇದುವುದು, ನೀರು ಸೇದುವುದು."

ಬಾವಿ, ಅಕ್ಕಾ. ಕೊಂಕಣಿಯಲ್ಲಿ ಬಾಂಯ್ ಅಂದರೆ ಬಾವಿ.

ಈಗ ಕೇಳು ನನ್ನ ಪಾಠದ ಕಥೆ. ಕ್ರಿಸ್ಮಸ್ ರಜೆಯ ಮೊದಲು ಆರೋಗ್ಯದ ಪಾಠ ಮಾಡಿದ್ದೆ. ಕ್ಲಾಸಿನ ನೀರಿನ ಹೂಜಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ಹಾಕಿ ತೆಗೆದು, ಮುಚ್ಚುವುದು ಎಂದರೇನು ಎಂದು ತೋರಿಸಿದ್ದೆ. ನೀರನ್ನು ಮುಚ್ಚಿಡಬೇಕು, ಕೆಮ್ಮುವಾಗ ಬಾಯಿ ಮುಚ್ಚಬೇಕು, ಮುಚ್ಚದಿದ್ದರೆ ಮಳೆಗಾಲದ ಫ್ಲೂ ಜ್ವರದ ಹಾಗೆ ರೋಗ ಊರಿಗೆಲ್ಲ ಹರಡುತ್ತದೆ ಎಂದಿದ್ದೆ. ಬಾಯಿ ಮುಚ್ಚಬೇಕು ಎಂದು ಮಕ್ಕಳ ಕೈಯಲ್ಲಿ ಸಾಲಾಗಿ ಹೇಳಿಸಿದ್ದೆ. ಉಳಿದ ಮಕ್ಕಳಿಗೆ ತುಳುವಿನಲ್ಲೂ ಬಾಯಿ ಬಾಯಿಯೇ ಆದ್ದರಿಂದ ತೊಂದರೆ ಇರಲಿಲ್ಲ. ಸೆರಗಿನ ತುದಿಯನ್ನು ಬಾಯಿಗಿಟ್ಟು ತೋರಿಸಿದ್ದೂ ಹೌದು, ಆದರೆ ಆ ಹೊತ್ತಿಗೆ ಕ್ಲಾರಾ ಹೂಜಿಯ ಮುಚ್ಚಳವನ್ನೇ ನೋಡುತ್ತಿದ್ದಿರಬೇಕು. ನೀರು, ಮುಚ್ಚಳ, ಬಾಂಯ್, ಜ್ವರ: ಅವಳಿಗೆ ಎಲ್ಲವೂ ಸರಿಯಾಗಿ ಕೂಡಿಬಂದಿದೆ. ಅಜ್ಜಿ ಹೋದದ್ದು ಆ ಜ್ವರದಲ್ಲೇ. ಮನೆಯ ಬಾವಿಗೆ ಕಟ್ಟೆಯಿದೆ, ಮುಚ್ಚಳವಿಲ್ಲ. ಇನ್ನು ಯಾರೂ ಸಾಯಬಾರದು ಎಂದು ಆ ಆರು ವರ್ಷದ ಮಗು ತನಗಿಂತ ಉದ್ದದ ತಟ್ಟಿಯನ್ನು ಎಳೆದುಕೊಂಡು ಹೋಗಿ, ಪೆಟ್ಟು ತಿಂದೂ, ಸುಳ್ಳುಗಾತಿ ಅನ್ನಿಸಿಕೊಂಡೂ, ಪ್ರತಿ ಸಂಜೆ ಬಾವಿ ಮುಚ್ಚಿದೆ. ನನ್ನ ಕ್ಲಾಸಿನಲ್ಲಿ ಕಲಿತ ಪಾಠವನ್ನು ಮನೆಗೆ ಕೊಂಡುಹೋಗಿ ಬಿಡದೆ ನಡೆಸಿದ ಮಗು ಇದೊಂದೇ. ಕೆಮ್ಮುವಾಗ ಬಾಯಿ ಮುಚ್ಚುವವರು ಇವತ್ತಿಗೂ ನನ್ನ ಕ್ಲಾಸಿನಲ್ಲಿ ಯಾರೂ ಇಲ್ಲ.

ನಾನು ಇದನ್ನೆಲ್ಲ ಅಲ್ಲೇ, ಎಲ್ಲರ ಮುಂದೆ, ತೊದಲುತ್ತಾ ಹೇಳಿದೆ. ನಾನು ಹೇಳಿದ್ದು ಹೌದು, ಮಗು ಸುಳ್ಳು ಹೇಳಿಲ್ಲ ಎಂದೂ ಹೇಳಿದೆ. ನಗು ನಿಂತಿತು. ಕ್ಲಾರಾಳಿಗೆ ಮಾತ್ರ ಯಾಕೆ ನಿಂತಿತೆಂದು ತಿಳಿಯದೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು. ಪೊರ್ಬುಗಳು ಎದ್ದರು. ಮೊಮ್ಮಗಳನ್ನು ನೋಡಿದರು. ಕೋಪವೋ ಮತ್ತೇನೋ ಆ ಮುಖದಲ್ಲಿ ಓದಲಾಗಲಿಲ್ಲ. ನಂತರ ಕೊಡೆಯನ್ನು ಕಂಕುಳಲ್ಲಿಟ್ಟು, ಅವಲಕ್ಕಿ ಪಾನಕಕ್ಕೂ ನಿಲ್ಲದೆ, ಹೊರಟೇಹೋದರು. ಆಂಜೆಲಾ ಮಗಳ ಕೈ ಹಿಡಿದು ಅವರ ಹಿಂದೆ ಓಡಿದಳು. ಅಜ್ಜಿಯ ಮಾತು ಅಷ್ಟು ಜನರ ಮುಂದೆ ಬಂದದ್ದು ಅವರಿಗೆ ನೋವಾಯಿತೋ, ಊರೆಲ್ಲ ನಕ್ಕದ್ದು ಮನಸ್ಸಿಗೆ ತಾಗಿತೋ, ನಾನರಿಯೆ. ಕನ್ನಡ ಮಾತು ಕೇಳಿಸಬೇಕು ಎಂದಿದ್ದರು, ಕೇಳಿಸಿದ್ದೇವೆ. ಆದರೂ ನಾಳೆ ಅವಳು ಬರುತ್ತಾಳೋ ಇಲ್ಲವೋ ಎಂದು ಹೇಳಲು ನನ್ನಿಂದ ಆಗುತ್ತಿಲ್ಲ. ಇವತ್ತು ಬೆಳಿಗ್ಗೆ ಇಗರ್ಜಿಯಿಂದ ಜನ ಮರಳುವಾಗ ರಸ್ತೆ ಬದಿಯಲ್ಲಿ ನಿಂತು ನೋಡಿದೆ. ಆ ಮನೆಯವರು ಕಾಣಲಿಲ್ಲ.

ಒಂದು ಪದ ಇಷ್ಟು ದೂರ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅಕ್ಕಾ. ನನ್ನ ಬಾಯಿಂದ ಹೊರಟದ್ದು ಹೊಳೆ ದಾಟುವಾಗ ಬಾವಿಯಾಯಿತು. ಹಾಗೆ ನೋಡಿದರೆ ಎರಡೂ ಒಂದೇ ರೀತಿಯವು. ಒಳಗೆ ಎಷ್ಟು ಆಳ ಇದೆ, ಏನಿದೆ, ಎಂದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ನಾನು ಆಂಜೆಲಾಳ ಹತ್ತಿರ ಕೊಂಕಣಿ ಕಲಿಯಬೇಕೆಂದು ನಿಶ್ಚಯಿಸಿದ್ದೇನೆ. ನಗಬೇಡ. ತುಳು, ಕನ್ನಡ ಎರಡರಲ್ಲೂ ಜಗಳವಾಡಲು ಬರುವ ನಿನ್ನ ತಂಗಿಗೆ ಮೂರನೆಯದೇನೂ ಕಷ್ಟವಲ್ಲ.

ಈಗ ಮುಗಿಸುತ್ತೇನೆ, ದೀಪಕ್ಕೆ ಎಣ್ಣೆ ಹಾಕಬೇಕು. ನೀನು ಚೆನ್ನಾಗಿ ತಿನ್ನು, ಕಾಲು ಎತ್ತರಕ್ಕಿಟ್ಟು ಮಲಗು. ಭಾವನಿಗೆ ನನ್ನ ನಮಸ್ಕಾರ, ಮತ್ತು ಕೊಡದ ನೆನಪು. ಹುಟ್ಟುವ ಮಗುವಿಗೆ ಚಿಕ್ಕಮ್ಮನ ಮುತ್ತುಗಳನ್ನು ಈಗಲೇ ಕಳಿಸಿದ್ದೇನೆ, ಬರುವ ತನಕ ನೀನು ಇಟ್ಟುಕೊಂಡಿರು.

ನಿನ್ನ ತಂಗಿ,
ಮನೋರಮಾ

ಸೋಮವಾರ ಬೆಳಿಗ್ಗೆ. ಟಪಾಲಿನವನು ಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದಾನೆ, ಎರಡೇ ಸಾಲು. ಪೊರ್ಬುಗಳು ಗಂಟೆ ಹೊಡೆಯುವ ಮೊದಲೇ ಬಂದರು. ಕ್ಲಾರಾ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆಸಿಕೊಂಡ ಬರ್ತಾ. "ಬಾವಿಗೆ ಮುಚ್ಚಳ ಮಾಡ್ಲಿಕ್ಕೆ ಆಚಾರಿಗೆ ಹೇಳಿ ಬಂದೆ ಟೀಚರೇ. ನಿನ್ನೆ ಇಗರ್ಜಿಗೂ ಹೋಗಲಿಲ್ಲ, ಹಲಗೆ ಹುಡುಕಲಿಕ್ಕೆ ಹೋದದ್ದು. ಇವಳನ್ನೂ ಸೇರಿಸಿಕೊಳ್ಳಿ. ಮಗುವನ್ನು ನಾನು ಎತ್ತಿಕೊಳ್ತೇನೆ, ನನಗೆ ಎಂತ ಕೆಲಸ ಉಂಟು" ಅಂದರು. ಫೆಬ್ರವರಿಯಲ್ಲಿ ಹೊಸ ಮಕ್ಕಳನ್ನು ಸೇರಿಸಲು ಬರುವುದಿಲ್ಲ ಎಂದು ಹೆಡ್‌ಮಾಸ್ಟರು ಬಾಯಿ ತೆರೆಯುವಷ್ಟರಲ್ಲಿ ನಾನು ಬರ್ತಾಳನ್ನು ಒಳಗೆ ಕರೆದುಕೊಂಡು ಬಂದಾಗಿತ್ತು. ಒಂದನೆಯ ಕ್ಲಾಸಿನ ಬೆಂಚಿಗೆ ಅವಳ ಮೊಣಕಾಲು ಹಿಡಿಸುವುದಿಲ್ಲ, ಓರೆಯಾಗಿ ಕೂತಿದ್ದಾಳೆ. ಕ್ಲಾರಾ ಪಕ್ಕದಲ್ಲಿ ಕೂತು ಗೋಡೆಯ ಚಿತ್ರ, ಹೂಜಿ, ಕರಿಹಲಗೆ, ನಾನು, ಎಲ್ಲವನ್ನೂ ತೋರಿಸಿ ತೋರಿಸಿ ಅರ್ಧ ಕನ್ನಡ ಅರ್ಧ ಕೊಂಕಣಿಯಲ್ಲಿ ವಿವರಿಸುತ್ತಿದ್ದಾಳೆ. ಪಾಠ ಶುರು ಮಾಡಲು ಬಿಡುತ್ತಿಲ್ಲ. ಸುಮ್ಮನಿರು ಅನ್ನಲು ನನಗೆ ಬಾಯಿ ಬರುತ್ತಿಲ್ಲ, ಅಕ್ಕಾ.